ಐದು ಗುಂಟೆ ಜಗಳ, ಒಂದು ಇಲಿಯಡ್: ಪ್ಯಾಟ್ರಿಕ್ ಕ್ಯಾವನಾ ಬಗ್ಗೆ ಆಡಿದ ಮಾತು

ಹೋದ ತಿಂಗಳು ನಮ್ಮ ಓದುಗರ ಬಳಗದಲ್ಲಿ ನಾನು ಮಾತಾಡಿದ್ದನ್ನ ಬರೆದು ಹಾಕಿ ಅಂತ ಆವತ್ತು ಬರೋಕೆ ಆಗದವರು ಕೇಳಿದ್ರು. ಮಾತಾಡಿದ ಹಾಗೇ ಬರ್ದಿದೀನಿ, ಟೈಮ್ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದೀನಿ ಅಷ್ಟೇ.

ಸ್ನೇಹಿತರೇ, ಒಂದು ಜಗಳದಿಂದ ಶುರು ಮಾಡ್ತೀನಿ. ಐರ್ಲೆಂಡಿನ ಮೊನಹನ್ ಕೌಂಟಿ. ಅಲ್ಲಿ ಎರಡು ಮನೆಯವರು ಅರ್ಧ ರೂಡ್ ಜಾಗಕ್ಕೆ ಕಿತ್ತಾಡ್ತಿದಾರೆ. ಅರ್ಧ ರೂಡ್ ಅಂದ್ರೆ ಎಕರೆಯ ಎಂಟರಲ್ಲೊಂದು ಭಾಗ, ನಮ್ಮ ಲೆಕ್ಕದಲ್ಲಿ ಐದು ಗುಂಟೆ. ಅದೂ ಬರೀ ಬಂಡೆ, ಬೆಳೆ ಬರೋ ಜಾಗ ಅಲ್ಲ. ಡಫಿ ಮನೆಯವರು ಶಾಪ ಹಾಕ್ತಾ ಕೂಗಾಡ್ತಿದಾರೆ, ಸುತ್ತ ಜನ ಹುಲ್ಲು ಎತ್ತೋ ಕವೆಗೋಲು ಹಿಡ್ಕೊಂಡು ನಿಂತಿದಾರೆ, ಮುದುಕ ಮೆಕೇಬ್ ಅಂಗಿ ಬಿಚ್ಚಿ ಹಾಕಿ ಬರಿಮೈಲಿ ಆ ಜಾಗದ ಉದ್ದಕ್ಕೂ ಹೆಜ್ಜೆ ಹಾಕ್ತಿದಾನೆ, ಎದುರಿಗಿರೋ ಉಕ್ಕಿನ ಆಯುಧಕ್ಕೂ ಹೆದರದೆ, "ಇಗೋ ಗಡಿ ಇಲ್ಲಿದೆ, ಈ ಕಲ್ಲುಗಳ ಸಾಲೇ ಗಡಿ" ಅಂತ. ಬಾಂದುಕಲ್ಲು ಯಾರು ಯಾವಾಗ ಸರಿಸಿದ್ರು ಅನ್ನೋ ಜಗಳ ನೋಡಿ ಬೆಳೆದ ಯಾರಿಗಾದ್ರೂ ಇದು ಎಲ್ಲೋ ಐರ್ಲೆಂಡ್ ಕಥೆ ಅಂತ ಅನ್ನಿಸೋದೇ ಇಲ್ಲ.

ಇದು 'ಎಪಿಕ್', ಅಂದ್ರೆ ಮಹಾಕಾವ್ಯ, ಅನ್ನೋ ಪದ್ಯ. ಬರೀ ಹದಿನಾಲ್ಕು ಸಾಲು. ಜಗಳ ಹೇಳಿ ಮುಗಿಸಿದ ಮೇಲೆ ಕವಿ ಇದ್ದಕ್ಕಿದ್ದ ಹಾಗೆ ಒಂದು ಮಾತು ಹೇಳ್ತಾನೆ, ಅದು ಮ್ಯೂನಿಕ್ ರಗಳೆ ನಡೆದ ವರ್ಷ ಅಂತ. ಮ್ಯೂನಿಕ್ ಅಂದ್ರೆ 1938, ಹಿಟ್ಲರ್ ಜೊತೆ ಬ್ರಿಟನ್, ಫ್ರಾನ್ಸ್ ಕೂತು ಜೆಕೊಸ್ಲೊವಾಕಿಯಾ ದೇಶದ ಒಂದು ಭಾಗವನ್ನ ಬಿಟ್ಟುಕೊಟ್ಟ ವರ್ಷ, ಇಡೀ ಯುರೋಪ್ ಯುದ್ಧದ ಬಾಗಿಲಲ್ಲಿ ನಿಂತಿದ್ದ ವರ್ಷ. ಹಾಗಾದ್ರೆ ಯಾವುದು ಮುಖ್ಯ, ಮ್ಯೂನಿಕ್ಕಾ, ಈ ಬಂಡೆ ಮೇಲಿನ ಜಗಳಾನಾ? ಕವಿಗೆ ತನ್ನೂರಿನ ಮೇಲಿದ್ದ ನಂಬಿಕೆ ಅಲ್ಲಾಡೋಕೆ ಶುರುವಾಗತ್ತೆ. ಆಗ ಗ್ರೀಕ್ ಮಹಾಕವಿ ಹೋಮರನ ಪ್ರೇತ ಬಂದು ಅವನ ಕಿವೀಲಿ ಪಿಸುಗುಡತ್ತೆ, ನಾನು ಟ್ರಾಯ್ ಯುದ್ಧದ ಕಾವ್ಯ ಇಲಿಯಡ್ ಮಾಡಿದ್ದು ಇಂಥದ್ದೇ ಒಂದು ಊರ ಜಗಳದಿಂದ, ಯಾವುದು ದೊಡ್ಡದು ಅನ್ನೋದನ್ನ ದೇವರುಗಳೇ ಮಾಡ್ಕೋತಾರೆ, ಅಂತ. ಪದ್ಯ ಅಲ್ಲಿಗೆ ಮುಗೀತು.

ನಾನು ಈ ಪದ್ಯವನ್ನ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆಗ ಕೆಲಸದ ಮೇಲೆ ಡಬ್ಲಿನ್ನಲ್ಲಿದ್ದೆ, ನನ್ನೂರನ್ನ ಬಿಟ್ಟು ತುಂಬಾ ವರ್ಷ ಆಗಿತ್ತು, ಊರಿನ ವಿಷಯ ಯಾವುದೂ ಹೇಳೋ ಅಂಥದ್ದಲ್ಲ ಅಂತ ನನಗೇ ಗೊತ್ತಿಲ್ಲದ ಹಾಗೆ ಒಳಗೊಳಗೇ ನಂಬಿಬಿಟ್ಟಿದ್ದೆ. ಅದಕ್ಕೇ ಈ ಕವಿ ನನಗೆ ಇಷ್ಟು ಹತ್ತಿರ.

ಹೆಸರು ಪ್ಯಾಟ್ರಿಕ್ ಕ್ಯಾವನಾ. ಹುಟ್ಟಿದ್ದು 1904ರ ಅಕ್ಟೋಬರ್ 21, ಇನ್ನಿಸ್ಕೀನ್ ಅನ್ನೋ ಪ್ಯಾರಿಷ್ನಲ್ಲಿ (ಒಂದು ಚರ್ಚಿನ ಸುತ್ತಲಿನ ಹಳ್ಳಿಗಳು), ಮಕರ್ ಅನ್ನೋ ಪುಟ್ಟ ಊರು. ಅಪ್ಪ ಜೇಮ್ಸ್ ಚಪ್ಪಲಿ ಹೊಲಿಯೋರು, ಜೊತೆಗೆ ಸ್ವಲ್ಪ ಜಮೀನು. ಹತ್ತು ಮಕ್ಕಳಲ್ಲಿ ಇವನು ನಾಲ್ಕನೆಯವನು. ಸ್ಕೂಲು ಹದಿಮೂರನೇ ವಯಸ್ಸಿಗೇ ಮುಗೀತು. ಅಪ್ಪನ ಹತ್ರ ಚಪ್ಪಲಿ ಕೆಲಸ ಕಲಿಯೋಕೆ ಕೂತ, ಕೈ ಹತ್ತಲಿಲ್ಲ, ಹೊಲಕ್ಕೆ ಹೋದ. ಊರಿನ ಫುಟ್ಬಾಲ್ ಟೀಮಲ್ಲಿ ಗೋಲ್‌ಕೀಪರ್ ಆಗಿದ್ದ. ಹಗಲು ಆಲೂಗಡ್ಡೆ, ಓಟ್ಸ್, ದನ, ಗೊಬ್ಬರ, ರಾತ್ರಿ ಹಳೇ ಸ್ಕೂಲ್ ಪಠ್ಯದಲ್ಲಿ ಉಳಿದಿದ್ದ ಪದ್ಯಗಳು. ಹತ್ರದ ಪೇಟೆ ಡಂಡಾಕ್‌ನಲ್ಲಿ 'ಐರಿಷ್ ಸ್ಟೇಟ್ಸ್‌ಮನ್' ಅನ್ನೋ ಪತ್ರಿಕೆ ಅವನ ಕಣ್ಣಿಗೆ ಬಿತ್ತು, ಅಲ್ಲಿಂದ ಅವನ ದಾರಿ ತಿರುಗ್ತು.

ಆ ಪತ್ರಿಕೆ ಸಂಪಾದಕರು ಜಾರ್ಜ್ ರಸೆಲ್, ಎ.ಇ. ಅನ್ನೋ ಹೆಸರಲ್ಲಿ ಬರೀತಿದ್ದ ಕವಿ, ಐರ್ಲೆಂಡಿನ ದೊಡ್ಡ ಕವಿ ಯೇಟ್ಸ್‌ನ ಗೆಳೆಯ. ಕ್ಯಾವನಾ ಕಳಿಸಿದ್ದನ್ನ ಮೊದಲು ವಾಪಸ್ ಕಳಿಸಿದ್ರು, ಆದ್ರೆ ಬರೀತಾ ಇರು ಅಂತ ಹುರಿದುಂಬಿಸಿದ್ರು, 1929ರಲ್ಲಿ ಛಾಪಿಸಿದ್ರು. 1931ರಲ್ಲಿ ಕ್ಯಾವನಾ ಅವರನ್ನ ನೋಡೋಕೆ ಇನ್ನಿಸ್ಕೀನಿಂದ ಡಬ್ಲಿನ್‌ಗೆ ನಡ್ಕೊಂಡೇ ಹೋದ. ಹತ್ತಿರ ಹತ್ತಿರ 80 ಕಿಲೋಮೀಟರ್. ರಸೆಲ್ ಅವನಿಗೆ ಪುಸ್ತಕಗಳನ್ನ ಕೊಟ್ಟು ಕಳಿಸಿದ್ರು, ದಾಸ್ತೊಯೆವ್‌ಸ್ಕಿ, ವಿಕ್ಟರ್ ಹ್ಯೂಗೋ, ವಿಟ್ಮನ್, ಎಮರ್ಸನ್, ಬ್ರೌನಿಂಗ್. ಹದಿಮೂರಕ್ಕೆ ಸ್ಕೂಲು ಬಿಟ್ಟ ರೈತನ ಮಗನ ಕೈಗೆ ಈ ಪುಸ್ತಕಗಳು ಒಟ್ಟಿಗೆ ಬಂದಾಗ ಏನಾಗಿರಬಹುದು ಯೋಚನೆ ಮಾಡಿ.

ಇಲ್ಲಿ ಒಂದು ವಿಷಯ ಹೇಳ್ದೆ ಮುಂದೆ ಹೋಗೋಕೆ ನನಗೆ ಮನಸ್ಸು ಬರಲ್ಲ. ಕುವೆಂಪು ಅವರು ಹುಟ್ಟಿದ್ದೂ 1904ರಲ್ಲೇ, ಡಿಸೆಂಬರ್ 29. ಅವರು ಮೊದಲು ಇಂಗ್ಲಿಷ್‌ನಲ್ಲಿ ಪದ್ಯ ಬರೀತಿದ್ರು, 1924ರಲ್ಲಿ ಮೈಸೂರಿಗೆ ಬಂದಿದ್ದ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದಾಗ, ನಿಮ್ಮ ಭಾಷೇಲಿ ಬರೀರಿ ಅಂತ ಅವರು ಹೇಳಿದ್ದು ನಮಗೆಲ್ಲ ಗೊತ್ತಿರೋದೇ. ಈ ಕಸಿನ್ಸ್ ಯಾರು? ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ ಡಬ್ಲಿನ್‌ಗೆ ಬಂದು ಇದೇ ರಸೆಲ್ ಸುತ್ತಲಿನ ಥಿಯಾಸಫಿ ಬಳಗದಲ್ಲಿ ಬೆಳೆದ ಐರಿಷ್ ಕವಿ, 1915ರಲ್ಲಿ ಆನಿ ಬೆಸೆಂಟ್ ಕರೆಸಿಕೊಂಡ ಮೇಲೆ ಇಂಡಿಯಾಕ್ಕೆ ಬಂದವರು. ಅಂದ್ರೆ ಡಬ್ಲಿನ್ನಿನ ಒಂದೇ ಗುಂಪಿನ ಇಬ್ಬರು ಹಿರಿಯರು, ಒಬ್ಬರು ಮೊನಹನ್ ಹೊಲದಿಂದ ಬಂದ ಹುಡುಗನಿಗೆ, ಇನ್ನೊಬ್ಬರು ಮಲೆನಾಡಿನಿಂದ ಬಂದ ಹುಡುಗನಿಗೆ, ಏಳೆಂಟು ವರ್ಷದ ಅಂತರದಲ್ಲಿ ದಾರಿ ತೋರಿಸಿದ್ರು. ಇದನ್ನ ಎಳೆದು ದೊಡ್ಡ ಸಿದ್ಧಾಂತ ಮಾಡೋಕೆ ನಾನು ಹೋಗಲ್ಲ. ಆದ್ರೆ 1936ರಲ್ಲಿ ಕ್ಯಾವನಾನ ಮೊದಲ ಸಂಕಲನ 'ಪ್ಲೌಮನ್' ಬಂತು, ಅದೇ 1936ರಲ್ಲಿ 'ಕಾನೂರು ಹೆಗ್ಗಡಿತಿ' ಬಂತು, ಎರಡನ್ನೂ ಪಕ್ಕ ಪಕ್ಕ ಇಟ್ಕೊಂಡಾಗ ನನಗೆ ಮೈ ಜುಮ್ ಅಂತು.

ಆ ಮೊದಲ ಸಂಕಲನ ಅಷ್ಟೇನೂ ದೊಡ್ಡದಲ್ಲ, ಅದರಲ್ಲಿ ಸ್ವಲ್ಪ ರಸೆಲ್ ಛಾಯೆ ಇದೆ, ನೇಗಿಲು ಹೊಡೆಯೋನು ದೇವರನ್ನ ಕಾಣೋ ಥರದ್ದು. ಆದ್ರೆ 'ಇನ್ನಿಸ್ಕೀನ್ ರೋಡ್, ಜುಲೈ ಸಂಜೆ' ಅನ್ನೋ ಪದ್ಯ ಅಲ್ಲೇ ಇದೆ. ಬಿಲ್ಲಿ ಬ್ರೆನನ್‌ನ ಕೊಟ್ಟಿಗೇಲಿ ಆವತ್ತು ರಾತ್ರಿ ಡಾನ್ಸ್, ಹುಡುಗ್ರು ಹುಡುಗೀರು ಎರಡೆರಡು ಮೂರುಮೂರು ಸೈಕಲಲ್ಲಿ ಹೋಗ್ತಾರೆ, ಕಣ್ಸನ್ನೆ, ಅರ್ಧ ಮಾತು, ಆಮೇಲೆ ರೋಡು ಖಾಲಿ. ಅವನನ್ನ ಯಾರೂ ಕರೆದಿಲ್ಲ. ಒಂದು ಮೈಲಿ ರಾಜ್ಯಕ್ಕೆ ನಾನೇ ರಾಜ, ಬದು, ಕಲ್ಲು, ಹೂ ಬಿಡೋ ಪ್ರತಿಯೊಂದಕ್ಕೂ ನಾನೇ ರಾಜ ಅಂತಾನೆ. ಕವಿ ಆಗಿದ್ದಕ್ಕೆ ಊರೊಳಗೇ ಇದ್ದು ಊರಿಂದ ಹೊರಗಾದವನ ನೋವು ಅದು.

ಇನ್ನೊಂದು ಪದ್ಯ 'ಶಾಂಕೊಡಫ್', ನನ್ನ ಮಟ್ಟಿಗೆ ಅವನ ಆ ಕಾಲದ ಬೆಸ್ಟ್. ಅದು ಅವನೇ ಸಾಗುವಳಿ ಮಾಡಿದ ಜಮೀನು. ಗುಡ್ಡ ಉತ್ತರಕ್ಕೆ ಮುಖ ಮಾಡಿದೆ, ಹಾಗಾಗಿ ಬಿಸಿಲು ಬೀಳಲ್ಲ, ನನ್ನ ಕಪ್ಪು ಗುಡ್ಡಗಳು ಸೂರ್ಯ ಹುಟ್ಟೋದನ್ನ ಕಂಡೇ ಇಲ್ಲ ಅಂತ ಶುರುವಾಗತ್ತೆ. ಇವೇ ನನ್ನ ಆಲ್ಪ್ಸ್ ಅಂತಾನೆ, ಕಂಕುಳಲ್ಲಿ ಹುಲ್ಲು ಇಟ್ಕೊಂಡು ಕರುಗಳಿಗೆ ಹಾಕೋಕೆ ಹತ್ತಿದ್ದನ್ನ ಆಲ್ಪ್ಸ್ ಶಿಖರ ಮ್ಯಾಟರ್‌ಹಾರ್ನ್ ಹತ್ತಿದ ಹಾಗೆ ಹೇಳ್ತಾನೆ. ಕೊನೇಲಿ ದನ ಹೊಡ್ಕೊಂಡು ಹೋಗೋರು ಚಳಿಗೆ ಮರೆಯಲ್ಲಿ ನಿಂತು ಮಾತಾಡ್ತಾರೆ, ಈ ಹಸಿದ ಗುಡ್ಡ ಯಾರದ್ದು, ನೀರುಕೋಳಿ, ಕಾಡುಹಕ್ಕಿಗಳೂ ಬಿಟ್ಟು ಹೋಗಿರಬೇಕು, ಕವಿದಾ, ಹಾಗಾದ್ರೆ ಅವನು ಬಡವನೇ ಇರಬೇಕು. ಅದನ್ನ ಕೇಳಿಸ್ಕೊಂಡ ಕವಿ, ನನ್ನ ಎದೆ ಅಲ್ಲಾಡಿ ಹೋಗಲಿಲ್ವಾ ಅಂತ ಪ್ರಶ್ನೆ ಹಾಕಿ ಬಿಟ್ಬಿಡ್ತಾನೆ. ಈ ಪ್ರಶ್ನೆಯಲ್ಲಿ ನಾಚಿಕೆ ಇದೆ, ಪ್ರೀತಿ ಇದೆ, ಎರಡನ್ನೂ ಬೇರೆ ಮಾಡೋಕೆ ಆಗಲ್ಲ.

1938ರಲ್ಲಿ ಆತ್ಮಕಥೆ ಥರದ ಪುಸ್ತಕ 'ದ ಗ್ರೀನ್ ಫೂಲ್' ಬಂತು. ಜನ ಮೆಚ್ಚಿಕೊಂಡ್ರು, ಅಷ್ಟರಲ್ಲಿ ಕೇಸ್ ಬಿತ್ತು. ಡಬ್ಲಿನ್ನಲ್ಲಿ ಆಲಿವರ್ ಸೇಂಟ್ ಜಾನ್ ಗೊಗಾರ್ಟಿ ಅನ್ನೋ ಡಾಕ್ಟರ್-ಕವಿ ಮನೆ ಬಾಗಿಲು ತಟ್ಟಿದಾಗ ತೆಗೆದ ಕೆಲಸದವಳನ್ನ ಅವರ ಹೆಂಡತಿ ಅಥವಾ ಇಟ್ಟುಕೊಂಡವಳು ಅಂದ್ಕೊಂಡೆ ಅಂತ ಒಂದು ಸಾಲು ಬರ್ದಿದ್ದ. ಗೊಗಾರ್ಟಿ ಮಾನನಷ್ಟ ಕೇಸ್ ಹಾಕಿ ಗೆದ್ದು 100 ಪೌಂಡ್ ಪರಿಹಾರ ಪಡೆದ್ರು, ಪುಸ್ತಕ ಮಾರಾಟದಿಂದ ವಾಪಸ್ ಹೋಯ್ತು. 1939ರಲ್ಲಿ ಕ್ಯಾವನಾ ಹೊಲ ಬಿಟ್ಟು ಡಬ್ಲಿನ್‌ಗೇ ಬಂದು ನೆಲೆಸಿದ. ಬಂದಿದ್ದು ತನ್ನ ಬಾಳಿನ ದೊಡ್ಡ ತಪ್ಪು ಅಂತ ಆಮೇಲೆ ಅವನೇ ಹೇಳಿಕೊಂಡ. ಅಲ್ಲಿನ ಸಾಹಿತಿಗಳಿಗೆ ಬೇಕಾಗಿದ್ದು ಒಬ್ಬ ಮುಗ್ಧ ರೈತಕವಿ, ಮಣ್ಣಿನ ಮಗ ಅನ್ನೋ ಲೇಬಲ್. ಯೇಟ್ಸ್, ಲೇಡಿ ಗ್ರೆಗರಿ, ಸಿಂಜ್ ಇವರೆಲ್ಲ ಕಟ್ಟಿದ ಐರಿಷ್ ಸಾಹಿತ್ಯ ಪುನರುಜ್ಜೀವನದಲ್ಲಿ ರೈತ ಅಂದ್ರೆ ಪವಿತ್ರ, ಬಡತನ ಅಂದ್ರೆ ಸುಂದರ. ಹೊಲದಲ್ಲಿ ಇಪ್ಪತ್ತು ವರ್ಷ ದುಡಿದು ಬಂದವನಿಗೆ ಅದು ಸುಳ್ಳು ಅಂತ ಗೊತ್ತಿತ್ತು, ಆ ಸಿಟ್ಟು ಅವನಿಗೆ ಸಾಯೋ ತನಕ ಹೋಗಲಿಲ್ಲ.

ಆ ಸಿಟ್ಟಿನಿಂದ ಬಂದಿದ್ದು 'ದ ಗ್ರೇಟ್ ಹಂಗರ್', 1942. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡ್ತೀನಿ, ಸಹಿಸ್ಕೊಳ್ಳಿ.

ಗ್ರೇಟ್ ಹಂಗರ್ ಅಂದ್ರೆ ಐರಿಷ್ ಜನಕ್ಕೆ 1845ರಿಂದ ಶುರುವಾದ ಆಲೂಗಡ್ಡೆ ಬರಗಾಲ. ಬೆಳೆಗೆ ರೋಗ ಬಂದು ಹತ್ತು ಲಕ್ಷದಷ್ಟು ಜನ ಸತ್ರು, ಇನ್ನೂ ಅಷ್ಟೇ ಜನ ಹಡಗು ಹತ್ತಿದ್ರು. ಆ ಹೆಸರನ್ನ ಇಟ್ಕೊಂಡು ಕ್ಯಾವನಾ ಬರ್ದಿದ್ದು ಬೇರೇನೇ ಹಸಿವಿನ ಬಗ್ಗೆ. ಪ್ಯಾಟ್ರಿಕ್ ಮಗ್ವಾಯರ್ ಅಂತ ಒಬ್ಬ ಸಣ್ಣ ರೈತ. ಬರಗಾಲದ ನಂತರ ಐರ್ಲೆಂಡ್ ಹಳ್ಳಿಗಳಲ್ಲಿ ಜಮೀನು ಒಡೆಯಬಾರದು ಅಂತ ಒಬ್ಬ ಮಗನಿಗೇ ಬಿಟ್ಟುಕೊಡೋ ರೂಢಿ ಬಲವಾಯ್ತು, ಆ ಮಗ ಅಪ್ಪನೋ ಅಮ್ಮನೋ ಜಮೀನು ಬಿಟ್ಟುಕೊಡೋ ತನಕ ಕಾಯಬೇಕು, ಅಲ್ಲೀ ತನಕ ಮದುವೆ ಇಲ್ಲ, ಮದುವೆ ಇಲ್ಲದೆ ಹೆಣ್ಣಿನ ಕಡೆ ನೋಡಿದ್ರೆ ಪಾಪ ಅಂತ ಚರ್ಚು. ಮಗ್ವಾಯರ್‌ನ ತಾಯಿ 91 ವರ್ಷ ಬದುಕಿದ್ಲು. ಅವಳು ಸಾಯೋ ಹೊತ್ತಿಗೆ ಇವನಿಗೆ 65. ಮನೇಲಿ ಮದುವೆಯಾಗದ ತಂಗಿ ಮೇರಿ ಆನ್, ಹೊಲದಲ್ಲಿ ಇವನು. ಹೊಲವನ್ನೇ ಹೆಂಡತಿ ಮಾಡ್ಕೊಂಡ್ರೆ ಸಾಕು ಅಂತ ಅಮ್ಮ ಹೊಗಳ್ತಾಳೆ, ಇವನು ಹಾಗೇ ಮಾಡ್ಕೊಂಡ.

ಮಣ್ಣೇ ವಾಕ್ಯ, ಮಣ್ಣೇ ಮಾಂಸ ಅಂತ ಪದ್ಯ ಶುರುವಾಗತ್ತೆ. ಬೈಬಲಲ್ಲಿ ವಾಕ್ಯ ಮಾಂಸವಾಗಿ ಬಂತು ಅಂತ ಇದೆಯಲ್ಲ, ಅದನ್ನ ತೆಗೆದು ಆಲೂಗಡ್ಡೆ ಆರಿಸೋ ಗುಡ್ಡದ ಪಕ್ಕ ಇಟ್ಟಿದಾನೆ. ಆಲೂಗಡ್ಡೆ ಆರಿಸೋರು ಕೀಲಿ ಕೊಟ್ಟ ಬೆದರುಬೊಂಬೆ ಥರ ಗುಡ್ಡದಲ್ಲಿ ಸರೀತಾರೆ. ಹದಿನಾಲ್ಕು ಭಾಗದ ಈ ಪದ್ಯದಲ್ಲಿ ದೊಡ್ಡ ಘಟನೆ ಅಂತ ಏನೂ ನಡೆಯಲ್ಲ. ನಾಳೆ ಮಾಡಿದ್ರಾಯ್ತು, ಮುಂದಿನ ವರ್ಷ ನೋಡೋಣ ಅನ್ನೋದ್ರಲ್ಲೇ ಒಬ್ಬ ಮನುಷ್ಯನ ಬಾಳು ಖಾಲಿಯಾಗತ್ತೆ. ಹಾಗಂತ ಬರೀ ಕತ್ತಲೆ ಇಲ್ಲ, ಮಧ್ಯೆ ಮಧ್ಯೆ ಬೆಳಗಿನ ಹೊಲ, ಗೇಟಿನ ಹತ್ರ ನಿಂತು ಮಾತಾಡೋ ಗಂಡಸರು, ಇಸ್ಪೀಟ್ ಆಟ, ಒಂದೊಂದು ಕಡೆ ದೇವರು ಹುಲ್ಲಿನ ಎಸಳಲ್ಲಿ ಕಂಡು ಹೋಗ್ತಾನೆ, ಅದರಿಂದಾನೇ ಓದೋವಾಗ ಇನ್ನೂ ಸಂಕಟ ಆಗತ್ತೆ. ಪೇಟೆಯಿಂದ ಬಂದು ಹಳ್ಳಿ ನೋಡೋರ ಬಗ್ಗೆ ಒಂದು ಭಾಗ ಇದೆ, ಅವರು ಕಾರು ನಿಲ್ಲಿಸಿ, ಆಹಾ ರೈತನಿಗೆ ಯಾವ ಚಿಂತೆಯೂ ಇಲ್ಲ, ಎಲ್ಲ ನಾಗರಿಕತೆಗೂ ಇವನೇ ಮೂಲ ಅಂತ ಹೇಳಿ ಹೊರಟು ಹೋಗ್ತಾರೆ. ರೈತರ ಬಗ್ಗೆ ಹೊರಗಡೆಯಿಂದ ಭಾಷಣ ಮಾಡೋ ನಾವೆಲ್ಲ ಆ ಭಾಗ ಓದಲೇಬೇಕು.

ಇದರ ಒಂದು ಭಾಗ 1942ರ ಜನವರಿಯಲ್ಲಿ ಲಂಡನ್ನಿನ 'ಹೊರೈಜನ್' ಪತ್ರಿಕೇಲಿ ಬಂದಾಗ ಡಬ್ಲಿನ್ ಪೊಲೀಸರು ಅವನ ಮನೆಗೆ ಬಂದು ವಿಚಾರಿಸಿದ್ರು, ಅದರಲ್ಲಿ ಮಗ್ವಾಯರ್‌ನ ಒಂಟಿ ದೇಹದ ಬಗ್ಗೆ ಇದ್ದ ಸಾಲುಗಳು ಅಶ್ಲೀಲ ಅನ್ನೋ ಕಾರಣಕ್ಕೆ. ಅದೇ ವರ್ಷ ಕ್ಯುವಾಲ ಪ್ರೆಸ್ ಪುಸ್ತಕ ಮಾಡಿತು. ಅದು ಯೇಟ್ಸ್‌ನ ತಂಗಿಯರು ನಡೆಸಿಕೊಂಡು ಬಂದಿದ್ದ ಪ್ರೆಸ್, ಯೇಟ್ಸ್‌ನ ಹಳ್ಳಿಯ ಕನಸನ್ನ ಒಡೆದು ಹಾಕೋ ಪದ್ಯ ಅಲ್ಲಿಂದಾನೇ ಹೊರಬಂತು. ಕಡೆಕಡೆಗೆ ಕ್ಯಾವನಾ ಈ ಪದ್ಯವನ್ನೇ ತನ್ನದಲ್ಲ ಅನ್ನೋ ಹಾಗೆ ದೂರ ಮಾಡಿದ, ಅದರಲ್ಲಿ ಸಮಾಧಾನ ಇಲ್ಲ, ಟ್ರ್ಯಾಜಿಡಿ ಅಂದ್ರೆ ಪೂರ್ತಿ ಹುಟ್ಟದೇ ಉಳಿದ ಕಾಮೆಡಿ ಅಂತ 1964ರ ಸಮಗ್ರ ಸಂಕಲನದ ಮುನ್ನುಡೀಲಿ ಬರೆದ. ಈ ವಿಷಯದಲ್ಲಿ ನಾನು ಅವನ ಮಾತು ಒಪ್ಪಲ್ಲ. ಅವನಿಗೆ ಅದರಿಂದ ಹೊರಗೆ ಬರೋದು ಬೇಕಾಗಿತ್ತು, ನಮಗೆ ಆ ಪದ್ಯ ಬೇಕು.

'ರ್ಯಾಗ್ಲನ್ ರೋಡ್' ನಿಮ್ಮಲ್ಲಿ ಕೆಲವರು ಕೇಳಿರಬಹುದು, ಹಿಲ್ಡಾ ಮೊರಿಯಾರ್ಟಿ ಅನ್ನೋ ಮೆಡಿಕಲ್ ಓದ್ತಿದ್ದ ಹುಡುಗಿ ಮೇಲೆ ಅವನಿಗಿದ್ದ ಕೈಗೂಡದ ಪ್ರೀತಿಯ ಪದ್ಯ, 1946ರಲ್ಲಿ ಪೇಪರಲ್ಲಿ ಬಂತು, ಆಮೇಲೆ ಡಬ್ಲಿನರ್ಸ್ ತಂಡದ ಲೂಕ್ ಕೆಲಿ ಹಳೇ ಐರಿಷ್ ಧಾಟೀಲಿ ಹಾಡಿ ಅಮರ ಮಾಡಿದ್ರು. ಡಬ್ಲಿನ್ನಲ್ಲಿ ಕವಿಯ ಹೆಸರು ಗೊತ್ತಿಲ್ಲದವರಿಗೂ ಆ ಹಾಡು ಗೊತ್ತು.

1952ರಲ್ಲಿ ತಮ್ಮ ಪೀಟರ್ ಜೊತೆ ಸೇರಿ 'ಕ್ಯಾವನಾಸ್ ವೀಕ್ಲಿ' ಅನ್ನೋ ವಾರಪತ್ರಿಕೆ ಶುರು ಮಾಡಿದ. ಪೀಟರ್ ದುಡ್ಡು ಹಾಕಿದ, ಬರೆದಿದ್ದೆಲ್ಲ ಹೆಚ್ಚುಕಮ್ಮಿ ಇವರಿಬ್ಬರೇ, ಹದಿಮೂರು ಸಂಚಿಕೆಗೆ ನಿಂತುಹೋಯ್ತು. ಆದ್ರೆ ಇವತ್ತಿಗೂ ಎಲ್ಲರೂ ನೆನೆಸಿಕೊಳ್ಳೋ ಒಂದು ವಿಚಾರ ಅದರಲ್ಲಿ ಬಂತು. ಪ್ಯಾರಿಷ್ ಅಂದ್ರೆ ಆಗ್ಲೇ ಹೇಳಿದ ಹಾಗೆ ಒಂದು ಚರ್ಚಿನ ಸುತ್ತಲಿನ ಹಳ್ಳಿಗಳು, ನಾವು ಊರೊಟ್ಟು ಅಂತೀವಲ್ಲ ಹಾಗೆ. ಸಂಕುಚಿತ ಮನಸ್ಸಿನವರನ್ನ ಇಂಗ್ಲಿಷ್‌ನಲ್ಲಿ ಪರೋಕಿಯಲ್ ಅಂತ ಬೈತಾರೆ, ಅದು ಈ ಪದದಿಂದಾನೇ ಬಂದಿದ್ದು. ಕ್ಯಾವನಾ ಬೈಗುಳವನ್ನ ಬಿರುದು ಮಾಡಿದ. ಪ್ರಾಂತೀಯ ಮನಸ್ಸು ಬೇರೆ, ಊರ ಮನಸ್ಸು ಬೇರೆ ಅಂದ. ಪ್ರಾಂತೀಯ ಮನಸ್ಸಿನವನಿಗೆ ಸ್ವಂತ ಅಭಿಪ್ರಾಯ ಇಲ್ಲ, ತನ್ನ ಕಣ್ಣಿಗೆ ಕಂಡಿದ್ದನ್ನ ರಾಜಧಾನಿ ಏನನ್ನತ್ತೆ ಅಂತ ಕೇಳಿಸ್ಕೊಳ್ಳೋ ತನಕ ನಂಬಲ್ಲ. ಊರ ಮನಸ್ಸಿನವನಿಗೆ ತನ್ನೂರು ಕಾವ್ಯಕ್ಕೆ ಸಲ್ಲತ್ತಾ ಅನ್ನೋ ಅನುಮಾನವೇ ಬರಲ್ಲ. ಗ್ರೀಕರು, ಇಸ್ರೇಲಿಗರು, ಇಂಗ್ಲಿಷರು, ಎಲ್ಲ ದೊಡ್ಡ ನಾಗರಿಕತೆಗಳೂ ಊರ ಮನಸ್ಸಿಂದಾನೇ ಹುಟ್ಟಿದ್ದು ಅಂದ. 'ಎಪಿಕ್' ಪದ್ಯದಲ್ಲಿ ಹೋಮರ್ ಹೇಳೋದೂ ಇದನ್ನೇ. ಇದಕ್ಕೆ ಧೈರ್ಯ ಬೇಕು ಅಂತಾನೂ ಅವನಿಗೆ ಗೊತ್ತಿತ್ತು, ಯಾಕಂದ್ರೆ ಆ ಪದ್ಯದಲ್ಲೇ ಅವನ ನಂಬಿಕೆ ಹೋಗೋ ಹಾಗಾಗಿತ್ತಲ್ಲ.

ಆಮೇಲಿನ ಮೂರು ವರ್ಷ ಅವನ ಬಾಳಿನ ಅತಿ ಕೆಟ್ಟ ಕಾಲ. 'ದ ಲೀಡರ್' ಅನ್ನೋ ಪತ್ರಿಕೆ ಹೆಸರು ಹಾಕದೆ ಅವನ ಬಗ್ಗೆ ಒಂದು ಲೇಖನ ಬರೀತು, ಪಬ್ಬಲ್ಲಿ ಕೂತು ಕೂಗಾಡೋ ಕುಡುಕನ ಹಾಗೆ. ಇವನು ಕೇಸ್ ಹಾಕಿದ. 1954ರ ಫೆಬ್ರವರೀಲಿ ವಿಚಾರಣೆ, ಪತ್ರಿಕೆ ಕಡೆ ವಕೀಲ ಜಾನ್ ಎ. ಕೊಸ್ಟೆಲೊ, ಐರ್ಲೆಂಡಿನ ಮಾಜಿ ಪ್ರಧಾನಿ. ಅವರು ಇವನನ್ನ ಕಟಕಟೆಯಲ್ಲಿ ನಿಲ್ಲಿಸಿ ದಿನಗಟ್ಟಲೆ ಪಾಟೀಸವಾಲು ಮಾಡಿದ್ರು, ಪೇಪರ್‌ಗಳು ಅದನ್ನ ಪುಟಗಟ್ಟಲೆ ಹಾಕಿದ್ವು. ಸೋತ. ಮೇಲ್ಮನವಿ ಹಾಕಿದ, ಅಷ್ಟರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಗಿ 1955ರ ಮಾರ್ಚಲ್ಲಿ ಡಬ್ಲಿನ್ನಿನ ರಿಯಾಲ್ಟೊ ಆಸ್ಪತ್ರೇಲಿ ಆಪರೇಷನ್ ಮಾಡಿ ಒಂದು ಶ್ವಾಸಕೋಶ ತೆಗೆದ್ರು. ಕೋರ್ಟಲ್ಲಿ ಇವನನ್ನ ಹಿಂಡಿದ ಅದೇ ಕೊಸ್ಟೆಲೊ ಅಷ್ಟರಲ್ಲಿ ಮತ್ತೆ ಪ್ರಧಾನಿ ಆಗಿದ್ರು, ಇವನ ಕಷ್ಟ ನೋಡಿ ಯೂನಿವರ್ಸಿಟೀಲಿ ಉಪನ್ಯಾಸ ಕೊಡೋ ಕೆಲಸಕ್ಕೆ ದಾರಿ ಮಾಡಿಕೊಟ್ರು, ಇಬ್ಬರೂ ಸ್ನೇಹಿತರಾದ್ರು. ಮನುಷ್ಯರ ಬಗ್ಗೆ ಬೇಜಾರಾದಾಗ ನಾನು ಇದನ್ನ ನೆನಪು ಮಾಡ್ಕೋತೀನಿ.

ಆಪರೇಷನ್ ಆಗಿ ಹೊರಗೆ ಬಂದ ಆ ಬೇಸಿಗೆ ಅವನು ಗ್ರ್ಯಾಂಡ್ ಕೆನಾಲ್ ದಂಡೇಲಿ, ಬ್ಯಾಗಟ್ ಸ್ಟ್ರೀಟ್ ಸೇತುವೆ ಹತ್ರ, ಹುಲ್ಲಿನ ಮೇಲೆ ದಿನಾ ಬಿದ್ಕೊಂಡಿರ್ತಿದ್ದ. ಅಲ್ಲೇ ನಾನು ಮತ್ತೆ ಕವಿಯಾಗಿ ಹುಟ್ಟಿದೆ ಅಂತಾನೆ. ಸಿಟ್ಟು ಹೋಗಿತ್ತು. ಆಗ ಬಂದ ಹದಿನಾಲ್ಕು ಸಾಲಿನ ಸಾನೆಟ್‌ಗಳಲ್ಲಿ ಹುಲ್ಲು, ನೀರು, ಹಕ್ಕಿ, ಸಿಕ್ಕಿಹಾಕಿಕೊಂಡ ಒಂದು ಕೋಲು, ಬೆಂಚ್ ಮೇಲೆ ಮುತ್ತು ಕೊಡೋ ಜೋಡಿ, ಇಷ್ಟೇ. ಆಸ್ಪತ್ರೆ ಬಗ್ಗೆ ಒಂದು ಸಾನೆಟ್ ಇದೆ, ಅದರಲ್ಲಿ ಆ ವಾರ್ಡಿನ ಚೌಕ ಕೋಣೆಗಳು, ಕಾಂಕ್ರೀಟ್, ಕೈ ತೊಳೆಯೋ ಬೇಸಿನ್ ಮೇಲೆ ಪ್ರೀತಿ ಆಯ್ತು ಅಂತಾನೆ, ಪ್ರೀತಿಗೆ ಯಾವುದೂ ನಿಷಿದ್ಧ ಅಲ್ಲ, ಹೆಸರು ಹಿಡಿದು ಕರೆಯೋದೇ ಪ್ರೀತಿಯ ಕೆಲಸ ಅಂತಾನೆ. ಮೊದಲು ಇನ್ನಿಸ್ಕೀನಿಗೆ ಕೊಟ್ಟಿದ್ದ ಮನಸ್ಸನ್ನ ಈಗ ಒಂದು ಆಸ್ಪತ್ರೆ ವಾರ್ಡಿಗೂ ಕೆನಾಲಿಗೂ ಕೊಟ್ಟ. ಈ ಪದ್ಯಗಳು 1960ರ ಸಂಕಲನದಲ್ಲಿ ಬಂದ್ವು.

ಅದರಲ್ಲೊಂದು ಪದ್ಯ, ಮಿಸೆಸ್ ಡರ್ಮಟ್ ಓಬ್ರಿಯನ್ ನೆನಪಿಗೆ ಅಂತ ಯಾರೋ ಹಾಕಿಸಿದ್ದ ಕೆನಾಲ್ ದಂಡೆಯ ಬೆಂಚ್ ಮೇಲೆ ಕೂತು ಬರ್ದಿದ್ದು. ನನ್ನನ್ನ ನೀರಿರೋ ಕಡೆ ನೆನೆಸಿಕೊಳ್ಳಿ, ಶೂರರಿಗೆ ಕಟ್ಟೋ ಸಮಾಧಿ ಬೇಡ, ದಾರಿಹೋಕರು ಕೂರೋಕೆ ಒಂದು ಬೆಂಚ್ ಸಾಕು ಅಂತ ಕೇಳ್ಕೊಂಡಿದಾನೆ. 1967ರ ಏಪ್ರಿಲಲ್ಲಿ ಕ್ಯಾಥರೀನ್ ಮೊಲೊನಿ ಅವರನ್ನ ಮದುವೆ ಆದ, ಅದೇ ವರ್ಷ ನವೆಂಬರ್ 30ಕ್ಕೆ ತೀರಿಕೊಂಡ. ನಾಲ್ಕು ತಿಂಗಳು ತುಂಬೋದ್ರೊಳಗೆ, 1968ರ ಮಾರ್ಚ್ 17ರಂದು, ಅಂದ್ರೆ ಸೇಂಟ್ ಪ್ಯಾಟ್ರಿಕ್ ದಿನ, ಗೆಳೆಯರು ಸೇರಿ ಅಲ್ಲೇ ಒಂದು ಬೆಂಚ್ ಹಾಕಿಸಿದ್ರು. ನಾನು ಡಬ್ಲಿನ್ನಲ್ಲಿದ್ದಾಗ ಎಷ್ಟೋ ಸಂಜೆ ಆ ಬೆಂಚ್ ಮೇಲೆ ಕೂತಿದೀನಿ, ಪಕ್ಕದಲ್ಲೇ ನೀರು ತೂಬಿನಿಂದ ಧುಮುಕೋ ಸದ್ದು, ಅದನ್ನ ಅವನು ನಯಾಗರಕ್ಕೆ ಹೋಲಿಸಿದಾನೆ. ಎದುರು ದಂಡೇಲಿ 1991ರಲ್ಲಿ ಇಟ್ಟ ಅವನ ಕಂಚಿನ ಪ್ರತಿಮೆನೂ ಇದೆ, ಬೆಂಚ್ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದಾನೆ, ಪಕ್ಕದಲ್ಲಿ ಒಬ್ಬರು ಕೂರೋಕೆ ಜಾಗ ಇದೆ.

ಐರಿಷ್ ಕವಿ ಶೇಮಸ್ ಹೀನಿಗೂ ಇವನಿಗೂ ಏನು ಸಂಬಂಧ ಅಂತ ಆವತ್ತು ನಿಮ್ಮಲ್ಲೊಬ್ಬರು ಕೇಳಿದ್ರು. ಹೀನಿ 1962ರಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದಾಗ ಅವರ ಹೆಡ್‌ಮಾಸ್ಟರ್, ಕಥೆಗಾರ ಮೈಕಲ್ ಮೆಕ್‌ಲಾವರ್ಟಿ, ಕ್ಯಾವನಾನ 1947ರ ಸಂಕಲನವನ್ನ ಓದೋಕೆ ಕೊಟ್ರು. ತನ್ನ ಮನೆಯ ಹೊಲ, ಬಾವಿ, ಕೊಟ್ಟಿಗೆ ಪದ್ಯಕ್ಕೆ ಬರಬಹುದು ಅನ್ನೋ ಅನುಮತಿ ಅಲ್ಲಿಂದ ಸಿಕ್ಕಿತು ಅಂತ ಹೀನಿ ಯಾವಾಗಲೂ ಹೇಳ್ತಿದ್ರು. 1995ರ ನೊಬೆಲ್ ತನಕ ಹೋದ ದಾರಿಯಲ್ಲಿ ಮೊದಲ ಗೇಟು ತೆಗೆದವನು ಈ ಇನ್ನಿಸ್ಕೀನಿನ ರೈತ.

ಕೊನೇಲಿ ಒಬ್ಬ ಹುಡುಗಿ ಎದ್ದು ನಿಂತು, ಸರ್, ಇವನದ್ದು ಒಂದೇ ಒಂದು ಪದ್ಯ ಓದೋದಾದ್ರೆ ಯಾವುದು ಅಂತ ಕೇಳಿದ್ಲು. 'ಎಪಿಕ್' ಅಂತ ಹೇಳ್ತೀನಿ ಅಂತ ಎಲ್ಲರೂ ಅಂದ್ಕೊಂಡಿದ್ರು. ನಾನು ಹೇಳಿದ್ದು 'ನನ್ನ ತಾಯಿಯ ನೆನಪಿಗೆ'. ಅವನ ತಾಯಿ 1945ರಲ್ಲಿ ತೀರಿಕೊಂಡ್ರು. ನೀನು ಮೊನಹನ್ ಮಸಣದ ಒದ್ದೆ ಮಣ್ಣಲ್ಲಿ ಮಲಗಿದೀಯ ಅಂತ ನನಗೆ ಅನ್ಸಲ್ಲ ಅಂತ ಶುರು ಮಾಡ್ತಾನೆ. ಪಾಪ್ಲರ್ ಮರಗಳ ಸಾಲಲ್ಲಿ ಸ್ಟೇಷನ್ ಕಡೆ ನಡ್ಕೊಂಡು ಹೋಗ್ತಿರ್ತೀಯ, ಇಲ್ಲಾಂದ್ರೆ ಭಾನುವಾರ ಎರಡನೇ ಪೂಜೆಗೆ ಖುಷಿಯಾಗಿ ಹೊರಟಿರ್ತೀಯ, ದಾರೀಲಿ ನಾನು ಸಿಕ್ಕಿದ್ರೆ, ದನಗಳನ್ನ ನೋಡ್ಕೊಳ್ಳೋದು ಮರೀಬೇಡ ಅಂತೀಯ. ಸಂತೆ ದಿನ ವ್ಯಾಪಾರ ಎಲ್ಲ ಮುಗಿದ ಮೇಲೆ ಊರ ಕೊನೇಲಿ ಇಬ್ಬರೂ ಅಚಾನಕ್ಕಾಗಿ ಸಿಕ್ತೀವಿ, ಅಂಗಡಿ ಸಾಲಲ್ಲಿ ಸುಮ್ನೆ ಸುತ್ತಾಡ್ತೀವಿ. ಇಲ್ಲ, ನೀನು ಒದ್ದೆ ಮಣ್ಣಲ್ಲಿಲ್ಲ, ಯಾಕಂದ್ರೆ ಈಗ ಸುಗ್ಗಿ ಸಂಜೆ, ಬೆಳದಿಂಗಳಲ್ಲಿ ನಾವು ಬಣವೆ ಒಟ್ತಾ ಇದೀವಿ, ನೀನು ಕೆಳಗಿಂದ ನಮ್ಮನ್ನ ನೋಡಿ ನಗ್ತಾ ಇದೀಯ, ಯಾವತ್ತಿಗೂ.